ಕದ್ರಿಯ ಏರಿಗೆ ಒಂದು ಮೋಟಾರು ಸೈಕಲ್

ಅಣ್ಣ ಮೀನಿನ ಬುಟ್ಟಿ ಸಮೇತ ಮೋಟಾರು ಸೈಕಲ್ ಪರೀಕ್ಷೆ ಮಾಡಲು ಹೋದದ್ದಕ್ಕೆ ಊರಿಡೀ ನಕ್ಕಿತು. ಆದರೆ ತಪ್ಪು ಅವನದ್ದಲ್ಲ, ನನ್ನದು. ಪೇಪರಿನ ಜಾಹೀರಾತನ್ನು ಅವನಿಗೆ ಓದಿ ಹೇಳಿದವನು ನಾನು.

ಅರವತ್ತರ ದಶಕದ ಮೊದಲ ವರ್ಷಗಳು. ನಮ್ಮ ಮನೆ ಬೋಳಾರದಲ್ಲಿ, ಹೊಳೆಯಿಂದ ಕೂಗಳತೆಯ ದೂರದಲ್ಲಿ. ತಲೆತಲಾಂತರದಿಂದ ಕಡಲಿಗೆ ಹೋಗುವವರು ನಾವು. ಅಪ್ಪನಿಗೆ ಕಣ್ಣು ಮಂಜಾಗಿ ದೋಣಿ ಬಿಟ್ಟ ಮೇಲೆ ಅಣ್ಣ ಸೈಕಲ್ ಹಿಡಿದ. ಬೆಳಗ್ಗೆ ದೋಣಿಗಳು ಬಂದು ನಿಲ್ಲುವ ಧಕ್ಕೆಗೆ ಹೋಗಿ ಮೀನು ತೆಗೆದುಕೊಂಡು, ಕ್ಯಾರಿಯರಿಗೆ ಬುಟ್ಟಿ ಕಟ್ಟಿ, ಗುಡ್ಡದ ಮೇಲಿನ ಕದ್ರಿಯ ಮನೆಮನೆಗೆ ಮಾರುವುದು ಅವನ ಕೆಲಸ. ನನಗಿಂತ ಹದಿನಾಲ್ಕು ವರ್ಷಕ್ಕೆ ದೊಡ್ಡವನು. ನಾನು ಹೈಸ್ಕೂಲು ಮುಗಿಸಿ, ಹೊಳೆ ಬದಿಯ ಹಂಚಿನ ಕಾರ್ಖಾನೆಯ ಆಫೀಸಿನಲ್ಲಿ ಕ್ಲಾರ್ಕ್ ಆಗಿ ಕುರ್ಚಿಯಲ್ಲಿ ಕೂತದ್ದು ಅವನು ಆ ಗುಡ್ಡ ಹತ್ತಿ ಇಳಿದದ್ದರಿಂದ. ಇದನ್ನು ಈಗ ಸಲೀಸಾಗಿ ಬರೆಯುತ್ತಿದ್ದೇನೆ. ಆಗ ಯಾರ ಮುಂದೆಯೂ ಬಾಯಿ ಬಿಟ್ಟವನಲ್ಲ.

ಸೈಕಲಿನಲ್ಲಿ ಮೀನು ಮಾರುವವರಲ್ಲಿ ಒಂದು ಕಟ್ಟುನಿಟ್ಟು ಇತ್ತು. ಒಬ್ಬನ ಓಣಿಯಲ್ಲಿ ಇನ್ನೊಬ್ಬ ಹಾರನ್ ಒತ್ತುವಂತಿಲ್ಲ. ಬೋಳಾರಕ್ಕೆ ಒಬ್ಬ, ಜೆಪ್ಪುವಿಗೆ ಒಬ್ಬ, ಕದ್ರಿಗೆ ಅಣ್ಣ. ಅವನ ರಬ್ಬರ್ ಹಾರನಿನ ಪೋಂ ಪೋಂ ಕೇಳಿದರೆ ಕದ್ರಿಯ ಹೆಂಗಸರು ಪಾತ್ರೆ ಹಿಡಿದು ಗೇಟಿಗೆ ಬರುತ್ತಿದ್ದರು. ಕದ್ರಿ ಬಿಟ್ಟರೆ ಅವನಿಗೆ ಬೇರೆ ಓಣಿ ಇರಲಿಲ್ಲ. ಸಮತಟ್ಟು ಜಾಗದ ಓಣಿಗಳೆಲ್ಲ ಎಂದೋ ಹಂಚಿಹೋಗಿದ್ದವು.

ಆ ವರ್ಷ ಅಣ್ಣನಿಗೆ ದಮ್ಮು ಶುರುವಾಯಿತು. ಬುಟ್ಟಿಯ ತುಂಬ ಮೀನು, ಅದರ ಮೇಲೆ ಮಂಜುಗಡ್ಡೆ. ಏರಿನಲ್ಲಿ ಸೈಕಲ್ ತುಳಿಯಲಾಗುವುದಿಲ್ಲ, ತಳ್ಳಿಯೇ ಹೋಗಬೇಕು. ಅರ್ಧ ಏರಿಗೆ ಅವನು ಮರಕ್ಕೆ ಒರಗಿ ನಿಲ್ಲುತ್ತಿದ್ದ. ಆಸ್ಪತ್ರೆಯ ಡಾಕ್ಟರು ಎದೆಗೆ ಕೊಳವೆ ಇಟ್ಟು ನೋಡಿ, ಇನ್ನು ಗುಡ್ಡಕ್ಕೆ ಭಾರ ತಳ್ಳಬಾರದು ಎಂದು ಖಡಾಖಂಡಿತವಾಗಿ ಹೇಳಿದರು. ಅತ್ತಿಗೆ ಅಂದಿನಿಂದ ಬೆಳಗ್ಗೆ ಅವನು ಹೊರಡುವಾಗ ಬಾಗಿಲಿಗೇ ಬರುತ್ತಿರಲಿಲ್ಲ. ನೋಡಲಾಗುವುದಿಲ್ಲ ಎನ್ನುತ್ತಿದ್ದಳು.

ಅಷ್ಟರಲ್ಲಿ ಆ ಜಾಹೀರಾತು ಬಂತು. ಪೇಟೆಯಲ್ಲಿ ಹೊಸದಾಗಿ ತೆರೆದ ಮೋಟಾರು ಸೈಕಲ್ ಅಂಗಡಿಯದ್ದು. ‘ಹೊರೆ ಹೊತ್ತು ಏರು ಹತ್ತುವ ಗಾಡಿ. ಪರೀಕ್ಷಾರ್ಥ ಸವಾರಿಗೆ ಸರ್ವರಿಗೂ ಸ್ವಾಗತ. ಬನ್ನಿ, ನೀವೇ ಸ್ವತಃ ಪರೀಕ್ಷಿಸಿ ನೋಡಿ.’ ಅಣ್ಣನಿಗೆ ಅಕ್ಷರ ಬರುತ್ತಿದ್ದರೂ ಇಂಥ ಕನ್ನಡ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಮನೆಯಲ್ಲಿ ನಮ್ಮದು ತುಳು. ನಾನು ಬಿಡಿಸಿ ಹೇಳಿದೆ: “ಭಾರ ಇಟ್ಟುಕೊಂಡು ಗುಡ್ಡ ಹತ್ತುವ ಗಾಡಿಯಂತೆ. ಹತ್ತುತ್ತದಾ ಇಲ್ಲವಾ ಅಂತ ನಾವೇ ನೋಡಬಹುದಂತೆ.”

“ನಾವೇ ನೋಡಬಹುದಾ? ಕೈಯಾರೆ?”

“ಹಾಗೆಯೇ ಬರೆದದ್ದು ಉಂಟು.”

ಅಣ್ಣನಿಗೆ ಅಷ್ಟು ಸಾಕಾಯಿತು. ಮೀನಿನವರಿಗೆ ನೋಡುವುದು ಎಂದರೆ ಕಣ್ಣಲ್ಲಿ ನೋಡುವುದಲ್ಲ. ಮೀನಿನ ಕಿವಿ ಎತ್ತಬೇಕು, ಕೆಂಪು ಉಂಟಾ ನೋಡಬೇಕು, ಹೊಟ್ಟೆ ಒತ್ತಬೇಕು, ಮೂಸಬೇಕು. ಪುಸ್ತಕದಲ್ಲಿ ಅದನ್ನು ಕಿವಿರು ಎನ್ನುತ್ತಾರೆ, ನಮ್ಮಲ್ಲಿ ಕಿವಿ. ಕಿವಿ ಎತ್ತದೆ ಮೀನು ಕೊಳ್ಳುವವನು ಧಕ್ಕೆಯಲ್ಲಿ ಯಾವನೂ ಇಲ್ಲ, ಎತ್ತಬೇಡ ಎನ್ನುವ ಮಾರುವವನೂ ಇಲ್ಲ. ಗಾಡಿ ಸರಿ ಕಂಡರೆ ಅತ್ತಿಗೆಯ ತವರಿನವರು ಹಣಕ್ಕೆ ಕೈ ಜೋಡಿಸುತ್ತೇವೆ ಎಂದಿದ್ದರು. ಹಾಗಾಗಿ ಅವನ ತಲೆಯಲ್ಲಿ ಉಳಿದದ್ದು ಒಂದೇ ಪ್ರಶ್ನೆ: ಅದು ಬುಟ್ಟಿ ಹೊತ್ತು ಕದ್ರಿಯ ಏರು ಹತ್ತುತ್ತದಾ?

ಪರೀಕ್ಷೆಯ ಸವಾರಿಯ ದಿನ ನಾನು ಇಸ್ತ್ರಿ ಹಾಕಿದ ಅಂಗಿ ತೊಟ್ಟು ಅಂಗಡಿಗೆ ಮುಂಚೆಯೇ ಹೋಗಿ ನಿಂತೆ. ಅಣ್ಣ ಮನೆಗೆ ಹೋಗಿ ಸ್ನಾನ ಮಾಡಿ ಬಿಳಿ ಪಂಚೆ ಉಟ್ಟು ಬರುತ್ತಾನೆ ಎಂದು ನನ್ನ ಲೆಕ್ಕ. ಅಂಗಡಿಯ ಮುಂದೆ ಬಣ್ಣದ ಕಾಗದದ ತೋರಣ, ಮೇಜಿನ ಮೇಲೆ ಲಿಂಬೆ ಶರಬತ್ತು, ಬಿಸ್ಕತ್ತು. ಐವತ್ತು ಅರುವತ್ತು ಜನ ಸೇರಿದ್ದರು. ಗಾಡಿ ಮಾತ್ರ ಒಂದೇ ಒಂದು. ಮದುವೆ ಹೆಣ್ಣಿಗೆ ಹಾಕಿದ ಹಾಗೆ ಅದಕ್ಕೂ ಮಲ್ಲಿಗೆ ಹಾಕಿ ನಿಲ್ಲಿಸಿದ್ದರು. ಬೆಂಗಳೂರಿನಿಂದ ಬಂದ ಕಂಪೆನಿಯವನೊಬ್ಬ ಟೈ ಕಟ್ಟಿಕೊಂಡು ಬೆವರುತ್ತಿದ್ದ. ಜನರ ನಡುವೆ ನಮ್ಮ ಆಫೀಸಿನ ಹೆಡ್ ಕ್ಲಾರ್ಕರನ್ನು ಕಂಡು ನನಗೆ ಖುಷಿಯೇ ಆಯಿತು. ಅವರಿಗೂ ಒಂದು ಗಾಡಿ ಬುಕ್ ಮಾಡುವುದಿತ್ತು. ನನ್ನನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡು ಇಂಜಿನಿನ ವಿಷಯ ಮಾತಾಡಿದರು. ನಾನು ಎಲ್ಲಕ್ಕೂ ತಲೆಯಾಡಿಸಿದೆ.

ಸವಾರಿ ಎಂದರೆ ಏನು ಎಂಬುದು ಆಮೇಲೆ ತಿಳಿಯಿತು. ಗಾಡಿ ಬಿಡುವವನು ಕಂಪೆನಿಯವನೇ. ಬಂದವರು ಹಿಂದೆ ಕೂರಬೇಕು. ಎದುರಿನ ಮೈದಾನಕ್ಕೆ ಒಂದು ಸುತ್ತು, ತಿರುಗಿ ಅಂಗಡಿಗೆ. ಆ ಮೈದಾನವೋ, ಗೋಲಿ ಇಟ್ಟರೆ ಇಟ್ಟಲ್ಲೇ ಇರುವಷ್ಟು ಸಪಾಟು. ಮೊದಲ ಸುತ್ತಿಗೆ ಮುಂಚೆ ಗಾಡಿ ಶುರುವಾಗಲು ಹತ್ತು ಹದಿನೈದು ಸಲ ಒದೆಯಬೇಕಾಯಿತು. ಜನ ಕಿಸಕ್ಕೆಂದು ನಕ್ಕಾಗ ಕಂಪೆನಿಯವನು, “ಹೊಸದು ನೋಡಿ, ಸ್ವಲ್ಪ ಬಿಗಿ” ಎಂದ. ಹೊತ್ತು ಏರುತ್ತಿತ್ತು. ಸುತ್ತು ಮುಗಿಸಿ ಇಳಿದವರೆಲ್ಲ ಶರಬತ್ತಿನ ಮೇಜಿಗೆ ಹೋಗುತ್ತಿದ್ದರು. ಕೊಂಡುಕೊಳ್ಳಲು ಎಷ್ಟು ಸಮಯ ಕಾಯಬೇಕು ಎಂದು ಕೇಳಿದವರಿಗೆ, ಹೆಸರು ಬರೆಸಿ ಹೋಗಿ, ವರ್ಷಗಳೇ ಹಿಡಿಯಬಹುದು ಎಂಬ ಉತ್ತರ.

ಆಗ ಪೋಂ ಪೋಂ ಕೇಳಿಸಿತು.

ಅಣ್ಣ ಧಕ್ಕೆಯಿಂದ ನೆಟ್ಟಗೆ ಬಂದಿದ್ದ. ಮೊಣಕಾಲಿನ ಮೇಲೆ ಕಟ್ಟಿದ ಮುಂಡು, ತಲೆಗೆ ಸುತ್ತಿದ ಬೈರಾಸು, ಕ್ಯಾರಿಯರಿನಲ್ಲಿ ಬಾಯಿತನಕ ತುಂಬಿದ ಬಂಗುಡೆ ಮೀನಿನ ಬುಟ್ಟಿ. ಮಂಜುಗಡ್ಡೆ ಕರಗಿ ನೀರು ದಾರಿಯುದ್ದಕ್ಕೂ ಬಿದ್ದಿತ್ತು. ಸೈಕಲನ್ನು ಗೋಡೆಗೆ ಒರಗಿಸಿ, ಹಗ್ಗ ಬಿಚ್ಚಿ, ಬುಟ್ಟಿಯನ್ನು ತಲೆಗೆ ಎತ್ತಿಕೊಂಡು ಸೀದಾ ಮೋಟಾರು ಸೈಕಲಿನ ಹತ್ತಿರ ಬಂದ. ಅದರ ಹಿಂದಿನ ಸೀಟಿನ ಅಗಲಕ್ಕೆ ಗೇಣು ಹಾಕಿ ನೋಡಿದ. ಬುಟ್ಟಿ ಕೂರುತ್ತದೆ ಎಂದು ಅವನಿಗೆ ಸಮಾಧಾನವಾದದ್ದು ಮುಖದಲ್ಲೇ ಕಾಣುತ್ತಿತ್ತು.

“ಏ, ಏ, ಏನಯ್ಯಾ ಅದು?” ಕಂಪೆನಿಯವನು ಓಡಿ ಬಂದ.

“ಪರೀಕ್ಷೆಗೆ ಸಾರ್,” ಎಂದ ಅಣ್ಣ, ತನಗೆ ಬರುವ ಕನ್ನಡದಲ್ಲಿ. “ಇದನ್ನು ಇಟ್ಟು ಒಮ್ಮೆ ಕದ್ರಿ ಹತ್ತಿಸಿ ನೋಡುವ. ಹತ್ತಿದರೆ ನಾನು ತೆಗೊಳ್ತೇನೆ.”

ಸುತ್ತಲಿನ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಣ್ಣನಿಗೆ ಅದರಲ್ಲಿ ನಗುವಂಥದ್ದು ಎಂತ ಉಂಟು ಎಂದು ತಿಳಿಯಲಿಲ್ಲ. ಈಗ ಯೋಚಿಸಿದರೆ ನನಗೂ ತಿಳಿಯುವುದಿಲ್ಲ. ಅಲ್ಲಿ ನೆರೆದವರಲ್ಲಿ ಗಾಡಿಯನ್ನು ನಿಜವಾಗಿ ಪರೀಕ್ಷೆ ಮಾಡಲು ಬಂದವನು ಅವನೊಬ್ಬನೇ.

ಹೆಡ್ ಕ್ಲಾರ್ಕರು ಮೂಗಿಗೆ ಕರವಸ್ತ್ರ ಹಿಡಿದು ನನ್ನ ಕಡೆ ತಿರುಗಿದರು. ಅಣ್ಣ ಆಗಲೇ ನನ್ನನ್ನು ನೋಡಿ, ಬಾ, ಇವರಿಗೆ ಸ್ವಲ್ಪ ಹೇಳು ಎಂಬಂತೆ ಕೈಸನ್ನೆ ಮಾಡಿದ್ದ. “ನಿಮ್ಮನ್ನು ಕರೆಯುತ್ತಾನಲ್ಲ,” ಎಂದರು ಅವರು. “ನಿಮ್ಮವನಾ?”

“ಗುರುತು ಉಂಟು ಸಾರ್,” ಎಂದೆ. “ನಮ್ಮ ಬೋಳಾರದ ಕಡೆಯವರು.”

ಅಣ್ಣ ನಿಂತದ್ದು ಎರಡು ಮಾರು ದೂರದಲ್ಲಿ. ಅವನಿಗೆ ಕೇಳಿಸಿತು. ಕೈಯನ್ನು ನಿಧಾನಕ್ಕೆ ಕೆಳಗಿಳಿಸಿದ. ಮತ್ತೆ ನನ್ನ ಕಡೆ ನೋಡಲಿಲ್ಲ.

ಅಂಗಡಿಯ ಯಜಮಾನರು ಕೆಟ್ಟವರಲ್ಲ. ಬುಟ್ಟಿಯನ್ನು ಕೆಳಗೆ ಇಡಿಸಿ, ಅಣ್ಣನಿಗೂ ಒಂದು ಸುತ್ತು ಕೊಡಲು ಹೇಳಿದರು. ಸೀಟಿನ ಮೇಲೆ ಒಂದು ಹಳೆಯ ಪೇಪರು ಹಾಸಿದರು, ಅದು ಬೇರೆ ವಿಷಯ. ಅಣ್ಣ ಅದರ ಮೇಲೆ ಕೂತು, ಯಾರನ್ನೂ ಮುಟ್ಟದೆ, ಎರಡೂ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಮೈದಾನಕ್ಕೆ ಒಂದು ಸುತ್ತು ಬಂದ. ಇಳಿದ ಮೇಲೆ ಒಂದೇ ಮಾತು ಕೇಳಿದ: “ಏರು ಹತ್ತುತ್ತದಾ ಸಾರ್?”

“ಹತ್ತುತ್ತೆ, ಹತ್ತುತ್ತೆ. ಪುಸ್ತಕದಲ್ಲೇ ಬರೆದಿದೆ,” ಎಂದ ಕಂಪೆನಿಯವನು.

ಅಣ್ಣ ಬುಟ್ಟಿ ಕಟ್ಟಿಕೊಂಡು ಹೊರಟ. ಹೊತ್ತು ಮೀರಿತ್ತು, ಕದ್ರಿಯಲ್ಲಿ ಅವನ ಹಾರನ್ ಕೇಳದೆ ಎಷ್ಟೋ ಮನೆಗಳಲ್ಲಿ ತರಕಾರಿ ಸಾರು ಒಲೆಗೆ ಏರಿದ್ದಿರಬೇಕು. ನಾನು ಅಲ್ಲೇ ನಿಂತು ಶರಬತ್ತು ಕುಡಿದೆ. ಆ ಶರಬತ್ತನ್ನು ನೆನೆದರೆ ಇಂದಿಗೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಸಂಜೆ ಅತ್ತಿಗೆ ಗಾಡಿಯ ವಿಷಯ ಕೇಳಿದಾಗ ಅಣ್ಣ ಕಾಲು ತೊಳೆಯುತ್ತ ಹೇಳಿದ: “ಅವರು ಕಿವಿ ಎತ್ತಿ ನೋಡಲು ಬಿಡುವುದಿಲ್ಲ ಮಾರಾಯ್ತಿ. ಅಂಥದ್ದನ್ನು ಯಾರು ತೆಗೊಳ್ತಾರೆ?” ಮತ್ತೆ ಆ ಮಾತು ಅಲ್ಲಿಗೆ ಬಿಟ್ಟ. ಅಂಗಡಿಯಲ್ಲಿ ನಾನು ಹೇಳಿದ ಮಾತನ್ನು ಅವನು ಎತ್ತಲೇ ಇಲ್ಲ. ಎತ್ತಿ ನಾಲ್ಕು ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅವನು ಊಟಕ್ಕೆ ಕೂತು, ಎಂದಿನಂತೆ ದೊಡ್ಡ ಬಂಗುಡೆಯನ್ನು ನನ್ನ ಬಟ್ಟಲಿಗೆ ಹಾಕಿಸಿದ.

ಮರುದಿನ ಬೆಳಗ್ಗೆ ನಾನು ಏರಿನ ಬುಡದಲ್ಲಿ ಕಾದು ನಿಂತೆ. ಅಣ್ಣ ಬಂದ, ನೋಡಿದ. ಅವನು ಹ್ಯಾಂಡಲ್ ಹಿಡಿದ, ನಾನು ಹಿಂದಿನಿಂದ ಕ್ಯಾರಿಯರಿಗೆ ಕೈ ಕೊಟ್ಟು ತಳ್ಳಿದೆ. ಅಂದಿನಿಂದ ಅದೇ ರೂಢಿಯಾಯಿತು. ಏರು ಮುಗಿದ ಮೇಲೆ ಒಂದು ನಳ್ಳಿಯಲ್ಲಿ ಕೈಕಾಲು ತೊಳೆದು, ಮೊಣಕೈವರೆಗೆ ಸಾಬೂನು ತಿಕ್ಕಿ, ಆಫೀಸಿಗೆ ಓಡುತ್ತಿದ್ದೆ. ಅಣ್ಣನ ಕದ್ರಿ ಉಳಿಯಿತು.

ಆದರೆ ನಾನು ಪೂರ್ತಿ ಒಳ್ಳೆಯವನಾಗಿಬಿಟ್ಟೆ ಎಂದು ಯಾರೂ ತಿಳಿಯಬೇಡಿ. ಎದುರಿನಿಂದ ಪರಿಚಯದವರು ಬಂದರೆ ಕ್ಯಾರಿಯರಿನಿಂದ ಕೈ ತೆಗೆದು, ಬೆಳಗ್ಗಿನ ತಿರುಗಾಟಕ್ಕೆ ಹೊರಟವನ ಹಾಗೆ ನಾಲ್ಕು ಹೆಜ್ಜೆ ಬದಿಗೆ ನಡೆಯುತ್ತಿದ್ದೆ. ಆಗೆಲ್ಲ ಅಣ್ಣ ಸೈಕಲಿಗೆ ಎದೆ ಕೊಟ್ಟು ಅದು ಹಿಂದೆ ಜಾರದಂತೆ ಹಿಡಿದು ನಿಲ್ಲುತ್ತಿದ್ದ. ಅವರು ದಾಟಿ ಹೋದ ಮೇಲೆ ಮತ್ತೆ ತಳ್ಳುವುದು. ಎರಡು ಮೂರು ವರ್ಷ ಹೀಗೆಯೇ ನಡೆಯಿತು.

ಒಂದು ಭಾನುವಾರ ಏರಿನ ನಡುವಿನಲ್ಲಿದ್ದೆವು. ಹಿಂದಿನಿಂದ ಮೋಟಾರು ಸೈಕಲಿನ ಶಬ್ದ. ಹತ್ತಿರ ಬರುತ್ತ ಬರುತ್ತ ಅದು ಗುಟುರು ಹಾಕಿ, ಕೆಮ್ಮಿ, ನಮ್ಮ ಪಕ್ಕಕ್ಕೆ ಬರುವಷ್ಟರಲ್ಲಿ ನಿಂತೇ ಹೋಯಿತು. ಬಿಟ್ಟವರು ನಮ್ಮ ಹೆಡ್ ಕ್ಲಾರ್ಕರು. ಹಿಂದೆ ಅವರ ಹೆಂಡತಿ, ಇಗರ್ಜಿಯಲ್ಲಿ ಪೂಜೆ ಮುಗಿಸಿ ಬಂದ ರೇಷ್ಮೆ ಸೀರೆಯಲ್ಲಿ. ಕ್ರಿಸ್ತುವರ ಹೆಂಗಸರನ್ನು ನಮ್ಮಲ್ಲಿ ಬಾಯಮ್ಮ ಎನ್ನುವುದು. ಆ ಬಾಯಮ್ಮ ಇಳಿದು, “ಇದು ಮೂರನೇ ಸಲ ನಾನು ಇಳಿಯುವುದು,” ಎಂದು ಗಂಡನಿಗೆ ಕೇಳುವಂತೆ ಹೇಳಿದರು.

ನನ್ನ ಎರಡೂ ಕೈಗಳು ಕ್ಯಾರಿಯರಿನ ಮೇಲಿದ್ದವು. ತೆಗೆಯಬೇಕೆಂದು ಕಂಡಿತು, ಸುಳ್ಳು ಯಾಕೆ ಹೇಳಲಿ. ಆದರೆ ಆ ಬೆಳಗ್ಗೆ ಅಣ್ಣನಿಗೆ ಉಸಿರೇ ಇರಲಿಲ್ಲ. ಹ್ಯಾಂಡಲಿನ ಮೇಲೆ ಬಾಗಿದ್ದ, ಎದೆ ಕೀಚುಗುಟ್ಟುತ್ತಿತ್ತು. ನಾನು ಕೈ ತೆಗೆದರೆ ಸೈಕಲ್, ಬುಟ್ಟಿ, ಅಣ್ಣ ಎಲ್ಲ ಒಟ್ಟಿಗೆ ಕೆಳಗೆ.

ಹೆಡ್ ಕ್ಲಾರ್ಕರು ನನ್ನನ್ನು ನೋಡಿದರು, ಬುಟ್ಟಿ ನೋಡಿದರು, ಆಮೇಲೆ ಅಣ್ಣನನ್ನು ನೋಡಿದರು. ಅವರಿಗೆ ಹಳೆಯದು ನೆನಪಾಗಿರಬೇಕು. ಅಣ್ಣನನ್ನೇ ಕೇಳಿದರು: “ಇವರು ನಿನಗೆ ಎಂತ ಆಗಬೇಕು?”

ಅಣ್ಣ ತಲೆ ಎತ್ತಲಿಲ್ಲ. ಒಂದು ಉಸಿರು ಎಳೆದುಕೊಂಡು, “ಗುರುತು ಉಂಟು ಸಾರ್,” ಎಂದ. ಇನ್ನೊಂದು ಉಸಿರು ಎಳೆದುಕೊಂಡು, “ನಮ್ಮ ಬೋಳಾರದ ಕಡೆಯವರು.”

ಅದರಲ್ಲಿ ಕುಟುಕು ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಇರಲಿಲ್ಲ. ನನ್ನ ಆಫೀಸಿನವರ ಮುಂದೆ ನನ್ನ ಮಾನ ಉಳಿಯಲಿ ಎಂದು, ನಾನು ಹೇಳಿದ್ದನ್ನೇ ಒಂದಕ್ಷರ ಬದಲಿಸದೆ ನೆನಪಿಟ್ಟು ಹೇಳಿದ್ದ. ಅಷ್ಟು ವರ್ಷ ಅವನು ಅದನ್ನು ಎದೆಯಲ್ಲಿ ಇಟ್ಟುಕೊಂಡೇ ಈ ಏರು ಹತ್ತಿದ್ದ.

“ಅಲ್ಲ ಸಾರ್,” ಎಂದೆ. ನನ್ನ ಸ್ವರ ನನಗೇ ಜೋರಾಗಿ ಕೇಳಿಸಿತು. “ಇವ ನನ್ನ ಅಣ್ಣ. ಒಡಹುಟ್ಟಿದವನು. ನನ್ನನ್ನು ಓದಿಸಿದ್ದು ಇವನೇ.”

ಹೆಡ್ ಕ್ಲಾರ್ಕರು “ಹೌದಾ” ಎಂದು ಗಾಡಿಯನ್ನು ಒದೆಯತೊಡಗಿದರು. ಬಾಯಮ್ಮ ಬುಟ್ಟಿಯ ಹತ್ತಿರ ಬಂದು, ಸೆರಗು ಒತ್ತಟ್ಟಿಗೆ ಹಿಡಿದು, ಒಂದು ಬಂಗುಡೆಯ ಕಿವಿ ಎತ್ತಿ ನೋಡಿದರು. ಕೆಂಪಗೆ ಇತ್ತು. ತಂಗಿಯ ಮನೆಗೆಂದು ಒಂದಿಷ್ಟು ತೆಗೆದುಕೊಂಡು, ಗಾಡಿ ತಳ್ಳಿಕೊಂಡು ಹೊರಟ ಗಂಡನ ಹಿಂದೆ ನಡೆದೇ ಏರು ಹತ್ತಿದರು.

ಅವರು ತಿರುವಿನಲ್ಲಿ ಮರೆಯಾಗುವವರೆಗೆ ಅಣ್ಣ ನೋಡುತ್ತ ನಿಂತ. ನನ್ನ ಮುಖ ನೋಡಲಿಲ್ಲ. ಬೈರಾಸಿನಿಂದ ಕಣ್ಣು ಒರೆಸಿಕೊಂಡ. ಅದು ಬೆವರು ಎಂದೇ ಇಟ್ಟುಕೊಳ್ಳೋಣ.

“ಬುಟ್ಟಿ ಇಲ್ಲದೆಯೂ ಹತ್ತಲಿಲ್ಲ, ನೋಡಿದೆಯಾ,” ಎಂದ. “ಗಾಡಿ ಫೇಲು. ನೀನು ತಳ್ಳು ಮಾರಾಯ.”