ರೊಪ್ಪದ ಬಾಗಿಲಲ್ಲಿ ನಿಂತವರು

ಮೇಡಂ ಅವರ ಬಲಗೈ ಹೆಬ್ಬೆರಳು ಒಳಕ್ಕೆ ಬಾಗಿತ್ತು. ಚಿಕ್ಕವರಿದ್ದಾಗ ಗುಡೇಕೋಟೆಯಲ್ಲಿ ಟಗರು ಗುದ್ದಿತ್ತಂತೆ. ಅವರೇ ಹೇಳಿದ್ದೋ, ಅವರ ತಮ್ಮ ಹೇಳಿದ್ದೋ, ಈಗ ನೆನಪಿಲ್ಲ. ಆ ಬೆರಳನ್ನು ಎತ್ತಿ ಹಿಡಿದೇ ಟೈಪ್ ಮಾಡುತ್ತಿದ್ದರು. ಇದಂತೂ ನಾನೇ ಕಂಡದ್ದು.

ಕೊಟ್ಟೂರಿನ ಕಾಲೇಜಿನಲ್ಲಿ ನನಗೆ ಕಂಪ್ಯೂಟರ್ ಕಲಿಸಿದವರು. ಕಾಯಿಲೆ ಬಿದ್ದು ರಜೆಯಲ್ಲಿದ್ದಾಗ, ಕುರಿ ಸಾಕುವವರಿಗೆ ಒಂದು ವೆಬ್‌ಸೈಟ್ ಕಟ್ಟೋಣ ಎಂದು ಕರೆದರು. ಲಸಿಕೆಯ ಗಾಡಿ ಇವತ್ತು ಯಾವ ಊರಲ್ಲಿದೆ ಎಂದು ಫೋನಿನಲ್ಲೇ ತಿಳಿಯಬೇಕು. ರೋಗದ ಸುದ್ದಿ ಹಬ್ಬಿದರೆ ಎಲ್ಲರೂ ಒಟ್ಟಿಗೇ ನುಗ್ಗುತ್ತಾರೆ, ಒಂದು ಸರ್ವರ್ ತಡೆಯುವುದಿಲ್ಲ. ಎರಡಿಟ್ಟೆವು. ಬಂದವರನ್ನು ಎರಡಕ್ಕೂ ಹಂಚುವ ತಂತ್ರಾಂಶ, ಲೋಡ್ ಬ್ಯಾಲೆನ್ಸರ್, ಯಾವುದಿರಬೇಕು ಎಂಬಲ್ಲಿ ತಕರಾರು ಬಂತು.

ನಾನು ಹೆಸರುವಾಸಿಯಾದ ದೊಡ್ಡದನ್ನೇ ಹಿಡಿದು ಕೂತೆ. ಅವರು ತೋರಿಸಿದ್ದು ಸಣ್ಣದು. ಅದರ ಸೆಟ್ಟಿಂಗ್ ಪೂರ್ತಿ ಒಂದೇ ಪರದೆಯಲ್ಲಿ ಕಾಣುತ್ತಿತ್ತು.

"ಕುರಿ ರೊಪ್ಪದ ಬಾಗ್ಲಾಗ ನಿಂತಾಕಿ ಕುರಿ ಜಾತಕ ನೋಡ್ತಾಳೇನ? ಒಂದು ಅತ್ತ, ಒಂದು ಇತ್ತ. ಮುಗೀತು."

ಮುಂದೆ ದೊಡ್ಡದೇ ಬೇಕಾಗಬಹುದು ಎಂದೆ.

"ಮುಂದ ಕೆಟ್ರ ಯಾರವ್ವಾ ನೋಡಾಕಿ? ನೀನೊಬ್ಬಾಕಿ. ನಿಂಗ ಓದಾಕ ಬರೂದು ಇಟ್ಟು ಹೋಗ್ತೀನಿ."

ಸಣ್ಣದನ್ನೇ ಹಾಕಿದೆವು.

ಅದು ಆಗಾಗ ಎರಡೂ ಸರ್ವರ್‌ಗಳನ್ನು ಇದ್ದೀರಾ ಎಂದು ವಿಚಾರಿಸುತ್ತದೆ. ಒಂದರಿಂದ ಉತ್ತರ ಬಾರದಿದ್ದರೆ ಜನರನ್ನೆಲ್ಲ ಇನ್ನೊಂದಕ್ಕೆ ಕಳಿಸುತ್ತದೆ. ಮೇಡಂಗೆ ಇದು ಬಹಳ ಹಿಡಿಸಿತು. ಬಳ್ಳಾರಿಯಲ್ಲಿ ಆಸ್ಪತ್ರೆ ಸೇರಿದ ಮೇಲೆ, ದಿನಾ ಬೆಳಿಗ್ಗೆ ನಾನು "ಅದೀರೇನ್ರಿ?" ಎಂದು ಸಂದೇಶ ಕಳಿಸಬೇಕು, ಅವರು "ಅದೀನಿ" ಎನ್ನಬೇಕು ಎಂದು ಮಾಡಿಕೊಂಡೆವು. ಒಮ್ಮೆ ಬರೆದಿದ್ದರು: "ಅದೀನಿ. ಇಡ್ಲಿ ಮಾತ್ರ ಕಲ್ಲಾಗ್ಯಾವ."

ಒಂದು ಬೆಳಿಗ್ಗೆ ಉತ್ತರ ಬರಲಿಲ್ಲ. ನಿದ್ದೆ ಹತ್ತಿರಬೇಕು ಎಂದುಕೊಂಡೆ. ಅಂದೇ ಕೂಡ್ಲಿಗಿ ಕಡೆ ಕುರಿಗಳಿಗೆ ರೋಗ ಬಂದ ಸುದ್ದಿ. ಜನ ಸೈಟಿಗೆ ನುಗ್ಗಿ ಒಂದು ಸರ್ವರ್ ಮಲಗಿತು. ಗಾಬರಿಯಲ್ಲಿ ಆ ಸೆಟ್ಟಿಂಗ್ ಪರದೆಯನ್ನು ತೆರೆದೆ. ಅರ್ಥವಾಗದ ಸಾಲು ಒಂದೂ ಇರಲಿಲ್ಲ. ಜನರೆಲ್ಲ ಆಗಲೇ ಇನ್ನೊಂದು ಸರ್ವರ್‌ಗೆ ಹೋಗುತ್ತಿದ್ದರು. ಯಾರಿಗೂ ಏನೂ ಗೊತ್ತಾಗಿರಲಿಲ್ಲ.

ಮಧ್ಯಾಹ್ನ ಅವರ ತಮ್ಮ ಫೋನ್ ಮಾಡಿ, ಅಕ್ಕ ಹೋದಳು ಎಂದ.

ಎರಡೂ ಒಂದೇ ದಿನ ನಡೆದವೇ, ದುಃಖಕ್ಕೆ ಅನುಕೂಲವಾಗಲೆಂದು ನನ್ನ ನೆನಪೇ ಹೀಗೆ ಜೋಡಿಸಿಕೊಂಡಿತೇ? ಖಾತ್ರಿ ಮಾಡಿಕೊಳ್ಳಬಹುದಿತ್ತು. ಮಾಡಿಕೊಂಡಿಲ್ಲ.

ಗುಡೇಕೋಟೆಯಲ್ಲಿ ಮಣ್ಣು ಮಾಡಿ ಬಂದು, ಮಲಗಿದ್ದ ಸರ್ವರನ್ನು ಎಬ್ಬಿಸಿದೆ. ಅದು ಉತ್ತರ ಕೊಟ್ಟಿತು.