ಆರ್ಡೆಲ್ ಹೇಳುವ ದಾರಿ

ಅಯೋವಾದ ನಮ್ಮ ಪುಟ್ಟ ಊರಿನಲ್ಲಿ ಯಾವ ಲಾರಿ ಡ್ರೈವರು ದಾರಿ ಕೇಳಿದರೂ ಆರ್ಡೆಲ್ ಹಾಗ್‌ಸ್ಟ್ರಮ್ ಕಾಫಿ ಆರಿದರೂ ಪರವಾಗಿಲ್ಲವೆಂದು ಎದ್ದು ಬರುತ್ತಾನೆ. "ಸೀದಾ ಹೋಗಿ. ಹಾಲಿನ ಡೇರಿ ಇತ್ತಲ್ಲ, ಅಲ್ಲಿ ಎಡಕ್ಕೆ ತಿರುಗಿ. ಲುಂಡೀನ್ ಬಟ್ಟೆ ಅಂಗಡಿ ಇತ್ತಲ್ಲ, ಅಲ್ಲಿ ಬಲಕ್ಕೆ." ಡೇರಿ ಮುಚ್ಚಿ ಎಷ್ಟೋ ವರ್ಷವಾಯಿತು, ಬಟ್ಟೆ ಅಂಗಡಿ ಇದ್ದ ಜಾಗದಲ್ಲಿ ಹುಲ್ಲು ಬೆಳೆದಿದೆ. ಡ್ರೈವರು, ಪಾಪ, ಊರೆಲ್ಲ ಸುತ್ತಿ ಮತ್ತೆ ಅವನ ಮುಂದೆಯೇ ಬಂದು ನಿಲ್ಲುತ್ತಾನೆ. "ಇಲ್ಲದ್ದನ್ನೆಲ್ಲ ಹೇಳ್ತೀಯಲ್ಲೋ ಮಾರಾಯ, ಇರೋದನ್ನ ಹೇಳೋ!" ಎಂದು ಕಾಫಿ ಅಂಗಡಿಯ ಮಾರ್ಲಿಸ್ ಕಾಲೆಳೆದರೆ, "ಇರೋದು ನಾಳೆ ಬಾಗಿಲು ಹಾಕಬಹುದು ಕಣೇ. ಮುಚ್ಚಿದ್ದು ಎಲ್ಲಿಗೂ ಹೋಗಲ್ಲ" ಅನ್ನುತ್ತಾನೆ. ವಾರಪತ್ರಿಕೆ ಬಂದರೆ ಮೆಕ್ಕೆಜೋಳದ ಧಾರಣೆ ಆಮೇಲೆ. ಮೊದಲು ಯಾವ ಅಂಗಡಿ ಮುಚ್ಚಿತೆಂದು ನೋಡಿ, ಹೊಸ ಗುರುತು ಸಿಕ್ಕಿತೆಂಬಂತೆ ತಲೆಯಾಡಿಸುತ್ತಾನೆ. ಅವನ ಚಾಳಿ ಈಗ ನಮಗೂ ಅಂಟಿದೆ. ಗ್ರಂಥಾಲಯ ಎಲ್ಲಿ ಎಂದು ಯಾರಾದರೂ ಕೇಳಿದರೆ, "ಆರ್ಡೆಲ್‌ನ ಬೂಟಿನ ಅಂಗಡಿ ಇತ್ತಲ್ಲ, ಅದರ ಎದುರಿಗೇ" ಅನ್ನುತ್ತೇವೆ. ಅವನನ್ನೇ ಕೇಳಿದರೆ ಮಾತ್ರ, "ಅಲ್ಲೊಂದು ನೀಲಿ ಅಂಚೆ ಡಬ್ಬ ಇದೆ ನೋಡಿ, ಅದರ ಎದುರಿಗೆ" ಅನ್ನುತ್ತಾನೆ.