ಉಲ್ಟಾ ಪಾಳಿಯ ಕಟ್ಟೆ

ಸಿರುಗುಪ್ಪದಿಂದ ಕುರುಗೋಡಿನ ಮೇಲೆ ಸುತ್ತು ಹಾಕಿಕೊಂಡು ಬಳ್ಳಾರಿಗೆ ಹೋಗುವ ಬಸ್ಸಿನಲ್ಲಿ ಮೊನ್ನೆ ಶನಿವಾರ ಮಧ್ಯಾಹ್ನ ನನ್ನ ಪಕ್ಕ ಒಬ್ಬ ಮನುಷ್ಯ ನಿಂತಿದ್ದ. ಒಂದು ಕೈ ಮೇಲಿನ ಕಂಬಿಗೆ, ಇನ್ನೊಂದು ಕೈಯಲ್ಲಿ ಹೊಲಿದು ಮುಗಿಸಿದ ಜೀನ್ಸ್ ಪ್ಯಾಂಟುಗಳ ಗಂಟು. ಗಂಟಿನಿಂದ ಇಣುಕುತ್ತಿದ್ದ ಒಂದು ಪ್ಯಾಂಟಿನ ಜಿಪ್ಪನ್ನು ಅವನು ಹೊತ್ತು ಹೋಗದೆ ಹೆಬ್ಬೆರಳಿನಿಂದ ಮೇಲೆ ಕೆಳಗೆ ಎಳೆಯುತ್ತಿದ್ದ. ಸರ್ರ್, ಸರ್ರ್. ಹೊಸ ಜೀನ್ಸ್ ಬಟ್ಟೆಗೆ ಒಂದು ವಾಸನೆ ಇರುತ್ತದಲ್ಲ, ಗಂಜಿ ಮತ್ತು ಬಣ್ಣ ಬೆರೆತು ಮೂಗಿಗೆ ಒರಟಾಗಿ ತಾಗುವಂಥದು? ನಿಮಗೆ ಅದು ಹಬ್ಬದ ವಾಸನೆ ಇರಬಹುದು. ನನಗೆ ಅದು ಪ್ರಜಾಪ್ರಭುತ್ವದ ವಾಸನೆ. ನಗಬೇಡಿ, ಹೇಳುತ್ತೇನೆ.

ಆ ಮನುಷ್ಯ ಸುಮ್ಮನೆ ನಿಂತಿರಲಿಲ್ಲ. ಎದುರಿನ ಸೀಟಿನಲ್ಲಿ ಕುಳಿತಿದ್ದ ಹೆಣ್ಣುಮಗಳ ಕಡೆ ನೋಡದೆ, ಆದರೆ ಅವಳಿಗೇ ಕೇಳಿಸುವ ಹಾಗೆ, ಬಸ್ಸಿನ ಚಾವಣಿಗೆ ಭಾಷಣ ಮಾಡುತ್ತಿದ್ದ: "ರೊಕ್ಕ ಕೊಟ್ಟಾಂವ ನಿಂತಾನ, ಪುಕ್ಕಟೆ ಬಂದೋರು ಕುಂತಾರ. ಏನ್ ಸರಕಾರಪಾ!"

ಅವಳೂ ಕಿಟಕಿಗೇ ಉತ್ತರ ಕೊಟ್ಟಳು: "ನಾ ಮೊದಲ ಹತ್ತೀನಿ, ಅದಕ್ಕ ಕುಂತೀನಿ. ಸೀಟಿನ ಮ್ಯಾಲೆ ಗಂಡಸ್ರ ಹೆಸರು ಬರದೈತೇನು?"

ಕಂಡಕ್ಟರ್ ಇದನ್ನು ದಿನಾ ಕೇಳುವವನು. ಟಿಕೆಟ್ ಕೊಡುವವನಂತೆ ಮಾಡಿ ಹಿಂದಕ್ಕೆ ಸರಿದ. ನಾನು ಮಾತ್ರ ಕಿವಿ ನಿಮಿರಿಸಿಕೊಂಡು ಕುಳಿತೆ. ಇಬ್ಬರ ದನಿಯನ್ನೂ ಒಳಗೊಳಗೇ ಕದಿಯುತ್ತಿದ್ದೆ. ಅದು ನನ್ನ ಹಳೆಯ ಚಟ. ಕಂಡವರ ದನಿ ಎತ್ತುವುದು, ನಡಿಗೆ ಎತ್ತುವುದು, ಕೊನೆಗೆ ಬೈಗುಳ ತಿನ್ನುವುದು. ನನ್ನ ಅವ್ವ "ನಿನ್ನ ಸ್ವಂತ ದನಿ ಯಾವುದಲೇ, ಒಮ್ಮೆ ಕೇಳಿಸು" ಎನ್ನುತ್ತಿದ್ದಳು. ನನಗೂ ಅದನ್ನು ಕೇಳಿ ತಿಳಿಯುವ ಕುತೂಹಲವಿತ್ತು. ಒಂದು ಸಲ ಕೇಳಿಸಿತು, ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ.

ಡಿಗ್ರಿ ಓದುವಾಗ ನಾನು ಬಳ್ಳಾರಿಯ ಕೌಲ್ ಬಜಾರಿನಲ್ಲಿ ಸೋದರಮಾವನ ಮನೆಯಲ್ಲಿದ್ದೆ. ಮಾವನದು ಸಣ್ಣ ಜೀನ್ಸ್ ಹೊಲಿಗೆಯ ಕೆಲಸ. ಅನ್ನಕ್ಕೆ ಬದಲಾಗಿ ನಾನು ಬ್ರೂಸ್‌ಪೇಟೆಗೆ ಹೋಗಿ ಗುಂಡಿ, ದಾರ, ಜಿಪ್ಪು ತರಬೇಕು. ಅವನ್ನು ಮಾರುತ್ತಿದ್ದವರು ಚನ್ನಬಸಣ್ಣ. ಹಣೆ ತುಂಬ ವಿಭೂತಿ, ಕೈಯಲ್ಲಿ ಸದಾ ಒಂದು ಸ್ಯಾಂಪಲ್ ಜಿಪ್ಪು. ಯೋಚಿಸುವಾಗ ಅದನ್ನು ಎಳೆಯುತ್ತಿದ್ದರು. ಯಾರಾದರೂ ಮಾತಾಡಲಿ ಎಂದರೆ ಸರ್ರೆಂದು ಬಿಚ್ಚುವುದು, ಸಾಕು ಎಂದರೆ ಸರ್ರೆಂದು ಹಾಕುವುದು. ಯಾವ ಸಭಾಪತಿಯ ಗಂಟೆಗೂ ಆ ಜಿಪ್ಪಿನಷ್ಟು ಮರ್ಯಾದೆ ಇರಲಿಕ್ಕಿಲ್ಲ.

ಅಂಗಡಿಗೂ ರಸ್ತೆಗೂ ನಡುವೆ ಚರಂಡಿ. ಅದರ ಮೇಲೆ ಅವರ ತಂದೆ ಹಾಕಿಸಿದ ದಪ್ಪ ಕಲ್ಲುಚಪ್ಪಡಿಗಳು. ಅದೇ ಕಟ್ಟೆ. ಕುಂತು ಕುಂತು ಕನ್ನಡಿಯಾಗಿತ್ತು. ಸಂಜೆಯಾದರೆ ಖಜಾನೆ ಇಲಾಖೆಯಿಂದ ನಿವೃತ್ತರಾದ ಆಚಾರ್ರು ಬರುವರು. "ನಿಯಮ ಏನಂದ್ರ" ಎನ್ನದೆ ಅವರಿಗೆ ಕೆಮ್ಮಲೂ ಬಾರದು. ಆಟೋ ಓಡಿಸುವ ಖಾಜಾ ಭಾಯಿ ಬರುವರು. ಕುಳಿತರೂ ಆಟೋದಲ್ಲೇ ಇದ್ದಂತೆ ಎರಡೂ ಕೈ ಮುಂದೆ. ವಿಷಯ ಬದಲಿಸುವಾಗ ಎಡಗೈ ತಾನಾಗಿ ಗೇರ್ ಹಾಕುತ್ತಿತ್ತು. ಇವರ ಮೇಲೆ ದಾರಿಯಲ್ಲಿ ಹೋಗುವವರು, ಬಸ್ಸು ತಪ್ಪಿಸಿಕೊಂಡವರು, ಹೆಂಡತಿ ಸೀರೆ ಆರಿಸುವ ತನಕ ಕಾಯುವವರು. ವಾರಕ್ಕೊಮ್ಮೆ ಬರುವ ನಲ್ಲಿನೀರಿನಿಂದ ಹಿಡಿದು ಶಾಲೆಯ ಮೊಟ್ಟೆಯ ತನಕ, ಒಂದು ದೇಶ ಒಂದೇ ಚುನಾವಣೆಯ ತನಕ, ಎಲ್ಲವೂ ಅಲ್ಲಿ ತೀರ್ಮಾನವಾಗುತ್ತಿತ್ತು. ನಾನು ಜಿಪ್ಪು ತರಲು ಹೋಗಿ ದೇಶ ತಿದ್ದಿ ಬರುತ್ತಿದ್ದೆ. ಜಿಪ್ಪು ಮರೆತಿರುತ್ತಿದ್ದೆ. ಮಾವ ಅಂದದ್ದನ್ನು ಇಲ್ಲಿ ಬರೆಯುವಂತಿಲ್ಲ.

ಆ ಕಟ್ಟೆಗೆ ಒಂದು ಕಟ್ಟಳೆ ಇತ್ತು. ಹಿಂದೆ ಚುನಾವಣೆಯ ಬಿಸಿಯಲ್ಲಿ ಇಬ್ಬರು ಗೆಳೆಯರು ಅಲ್ಲೇ ಮಾತಿಗೆ ಮಾತು ಬೆಳೆಸಿ, ಒಬ್ಬನ ಮಗಳ ಮದುವೆಗೆ ಇನ್ನೊಬ್ಬ ಹೋಗದಷ್ಟು ದೂರವಾದರಂತೆ. ಅಂದಿನಿಂದ ಚನ್ನಬಸಣ್ಣ 'ಉಲ್ಟಾ ಪಾಳಿ' ತಂದರು. ನಿನ್ನ ಮಾತು ಹೇಳುವ ಮೊದಲು ಎದುರಿನವನ ಮಾತು ನೀನೇ ಹೇಳಬೇಕು. ಅವನು "ಖರೆ, ಇದ ನನ್ನ ಮಾತು" ಅನ್ನುವ ತನಕ ನಿನ್ನ ಬಾಯಿಯ ಜಿಪ್ಪು ಹಾಕಿದ್ದೇ. ಕೇಳಲು ಸುಲಭ. ಒಮ್ಮೆ ಮನೆಯಲ್ಲಿ ಮಾಡಿ ನೋಡಿ. ಆಚಾರ್ರು ಒಂದಿಡೀ ಸಂಜೆ ಖಾಜಾ ಭಾಯಿಯ ಮಾತನ್ನು ಸರಿಯಾಗಿ ಹೇಳಲಾಗದೆ, ಕೊನೆಗೆ ಹೇಳಿದಾಗ, "ಅಯ್ಯ, ಇದರಾಗ ತಪ್ಪೇನೈತಿ ಮತ್ತ?" ಎಂದು ತಮಗೆ ತಾವೇ ಕೇಳಿಕೊಂಡು ಪೆಚ್ಚಾಗಿದ್ದರು.

ಕಟ್ಟೆಯಲ್ಲಿ ಇಲ್ಲದವರ ಪಾಳಿ ನನ್ನದು. ಮಂತ್ರಿ, ಡಾಕ್ಟರು, ರೈಲ್ವೆಯವರು, ಯಾರ ಪರ ಯಾರೂ ಇಲ್ಲವೋ ಅವರ ದನಿಯಲ್ಲಿ ನಾನು ಎದ್ದು ನಿಲ್ಲಬೇಕು. ಜನ ಬಿದ್ದು ಬಿದ್ದು ನಗುತ್ತಿದ್ದರು. ನಾನೇ ಈ ಸಭೆಯ ಬೆನ್ನೆಲುಬು ಎಂದುಕೊಂಡಿದ್ದೆ. ಬಾಲ ಎಂದು ಆಮೇಲೆ ತಿಳಿಯಿತು.

ಒಂದು ಬೇಸಿಗೆಯ ಕೊನೆಗೆ ಸುದ್ದಿ ಬಂತು. ಮಳೆಗೆ ಮೊದಲು ಚರಂಡಿಗಳ ಮೇಲಿನ ಚಪ್ಪಡಿಗಳನ್ನೆಲ್ಲ ಪಾಲಿಕೆಯವರು ತೆಗೆಸುತ್ತಾರಂತೆ. ಕಟ್ಟೆಗೆ ಸಿಡಿಲು ಬಡಿಯಿತು. ಹೆಂಡತಿ ತೀರಿಕೊಂಡ ಮೇಲೆ ಚನ್ನಬಸಣ್ಣನ ಸಂಜೆಗಳೆಂದರೆ ಆ ಕಲ್ಲೇ ಎಂದು ಎಲ್ಲರಿಗೂ ಗೊತ್ತಿತ್ತು. ಆಚಾರ್ರು ಕೂಡಲೇ ಅರ್ಜಿ ಬರೆದರು. ಖಾಜಾ ಭಾಯಿ ಪೆನ್ನು ಬಿಚ್ಚಿದರು. ಚನ್ನಬಸಣ್ಣ ಆ ಪೆನ್ನಿನ ಮುಚ್ಚಳ ಮತ್ತೆ ಹಾಕಿದರು.

"ಉಲ್ಟಾ ಪಾಳಿ ಆಗಿಲ್ಲ."

"ಅಣ್ಣಾ, ಇಲ್ಲಿ ಎದುರಿನವರು ಯಾರದಾರ? ಎಲ್ಲರೂ ನಮ್ಮವರ" ಎಂದರು ಖಾಜಾ ಭಾಯಿ.

"ಅದಕ್ಕ ಹೇಳಾಕತ್ತೀನಿ. ಏಳಲೇ, ನಿನ್ನ ಪಾಳಿ."

ನಾನು ಎದ್ದೆ. ಪಾಲಿಕೆಯ ಇಂಜಿನಿಯರಾದೆ. ಹೊಟ್ಟೆ ಮುಂದೆ ಬಂತು, ಕನ್ನಡಕ ಮೂಗಿನ ತುದಿಗೆ ಇಳಿಯಿತು. ಕಿವಿಯಲ್ಲಿ ಫೋನು, ಎದುರಿಗೆ ಚಪ್ಪಡಿ, ಎರಡಕ್ಕೂ ಒಟ್ಟಿಗೇ ಗದರುವ ಇಂಜಿನಿಯರ್. ಖಾಜಾ ಭಾಯಿ ಕಣ್ಣು ಒರೆಸಿಕೊಂಡರು. ಆಚಾರ್ರಿಗೆ ಕೆಮ್ಮು ಬಂತು, ನಿಯಮ ಬರಲಿಲ್ಲ. ಚನ್ನಬಸಣ್ಣನೂ ನಕ್ಕರು. ನಕ್ಕು ಮುಗಿದ ಮೇಲೆ ಜಿಪ್ಪು ಎಳೆದರು.

"ದನಿ ಬಂತು. ಮಾತು ಬರಲಿಲ್ಲ. ಕಲ್ಲು ಯಾಕ ತಗೀಬೇಕಂತ? ನಾಳೆ ಅದನ್ನ ತೊಗೊಂಡು ಬಾ."

ಮಾತನ್ನು ಎಲ್ಲಿಂದ ತರುವುದು? ಮರುದಿನ ಚರಂಡಿಯ ಜೊತೆಗೇ ನಡೆದೆ. ನಮ್ಮ ಕಟ್ಟೆಯ ಕೆಳಗೆ ಹೊಕ್ಕ ನೀರು ಹಿಂದಿನ ಓಣಿಗೆ ತಿರುಗುತ್ತಿತ್ತು. ನಾನು ವರ್ಷಗಟ್ಟಲೆ ಆ ಕಲ್ಲಿನ ಮೇಲೆ ಕುಳಿತಿದ್ದೆ, ಆ ತಿರುವನ್ನು ನೋಡಿರಲಿಲ್ಲ. ಮೊದಲ ಮನೆಯ ಹೊಸ್ತಿಲಿಗೆ ಇಟ್ಟಿಗೆ ಅಡ್ಡ ಕಟ್ಟಿದ್ದರು. ಅದು ಹೂ ಮಾರುವ ಲಕ್ಷ್ಮಮ್ಮನ ಮನೆ. ಅರ್ಧ ತೆಲುಗು, ಅರ್ಧ ಕನ್ನಡದ ಮುದುಕಿ.

"ಏಂ ನಾಯನಾ, ಏನ್ ನೋಡಾಕತ್ತಿ?"

ಕೇಳಿದೆ. ಹೇಳಿದಳು. ಚಪ್ಪಡಿಯ ಕೆಳಗೆ ಕೈ ಹೋಗುವುದಿಲ್ಲ, ಸಲಿಕೆಯೂ ಹೋಗುವುದಿಲ್ಲ. ಚರಂಡಿ ಬಳಿಯುವವರು ಅಲ್ಲಿಯ ತನಕ ಬಳಿದು ಮುಂದೆ ಹೋಗುತ್ತಾರೆ. ಜೋರು ಮಳೆಯಾದರೆ ನೀರು ಅಲ್ಲಿ ಕಟ್ಟಿ ಇಲ್ಲಿ ಒಳಗೆ ಬರುತ್ತದೆ. "ಅವತ್ತು ಮಂಚದ ಮ್ಯಾಲ ಒಲಿ, ಮಂಚದ ಮ್ಯಾಲ ನಾನು."

"ಅಂಗಡಿಯವರಿಗೆ ಹೇಳಲಿಲ್ಲೇನಬೇ?"

"ಹೇಳಾಕ ಹೋಗಿದ್ದೆ ನಾಯನಾ. ಎಲ್ಲರೂ ದೇಶದ ಮಾತು ಆಡಾಕತ್ತಿದ್ರಿ. ನಡುವ ನನ್ನ ಚರಂಡಿ ಯಾಕಂತ ಹೊಳ್ಳಿ ಬಂದೆ."

ಸಿಟ್ಟಿಲ್ಲ, ಕೊಂಕಿಲ್ಲ. ಮಾತಾಡುತ್ತಲೇ ಹೂ ಕಟ್ಟುತ್ತಿದ್ದಳು.

ಆ ದನಿ ಎತ್ತುವುದು ನನಗೆ ನೀರು ಕುಡಿದಷ್ಟು ಸುಲಭ. ದಾರಿಯುದ್ದಕ್ಕೂ ಅಭ್ಯಾಸ ಮಾಡುತ್ತ ಬಂದೆ. ಆದರೆ ಸಂಜೆ ಕಟ್ಟೆಯ ಮುಂದೆ ನಿಂತು ಬಾಯಿ ತೆರೆದರೆ ಬಂದದ್ದು ಯಾರದೋ ದನಿ. ತೆಳ್ಳಗೆ, ಸ್ವಲ್ಪ ನಡುಗುವ, ಏನೂ ವಿಶೇಷವಿಲ್ಲದ ದನಿ. ನನ್ನದೇ ಇರಬೇಕು. ಮಂಚ, ಒಲೆ, ಹೊಳ್ಳಿ ಹೋದದ್ದು, ಎಲ್ಲ ಹೇಳಿದೆ. ಯಾರೂ ನಗಲಿಲ್ಲ. ಖಾಜಾ ಭಾಯಿಯ ಕೈಗಳು ಮಡಿಲಿಗೆ ಇಳಿದಿದ್ದವು.

ಚನ್ನಬಸಣ್ಣನ ಜಿಪ್ಪು ಅರ್ಧಕ್ಕೆ ನಿಂತಿತ್ತು.

"ಖರೆ," ಎಂದರು. ಕಟ್ಟಳೆಯ ಪ್ರಕಾರ ಇನ್ನು ಅವರ ಉತ್ತರ. ಎಲ್ಲರೂ ಕಾದೆವು. ಅವರು ತಾವು ಕುಳಿತ ಕಲ್ಲನ್ನು ಒಮ್ಮೆ ಅಂಗೈಯಿಂದ ಸವರಿದರು. "ಆಚಾರ್ರ, ಆ ಅರ್ಜಿ ಹರೀರಿ."

ಪಾಲಿಕೆಯವರು ಬರುವ ತನಕವೂ ಕಾಯಲಿಲ್ಲ. ತಾವೇ ಆಳು ಕರೆಸಿ ಚಪ್ಪಡಿ ಎಬ್ಬಿಸಿದರು. ಕಾಲಿಡಲು ಒಂದು ಕಬ್ಬಿಣದ ಜಾಳಿಗೆ ಹಾಕಿಸಿದರು. ಅದನ್ನು ಎತ್ತಬಹುದು, ಅದರ ಮೇಲೆ ಕೂಡಲಾಗದು. ಆ ಮಳೆಗಾಲ ಲಕ್ಷ್ಮಮ್ಮನ ಮನೆ ಒಣಗಿಯೇ ಇತ್ತು. ಚನ್ನಬಸಣ್ಣನ ಸಂಜೆಯೂ ಒಣಗಿತು.

ಒಳಗೆ ಕುರ್ಚಿ ಹಾಕಿಸಿದರು, ನಿಜ. ಆದರೆ ಕಟ್ಟೆಗೆ ಬರುವವನು ದಾರಿಹೋಕ, ಅಂಗಡಿಯೊಳಗೆ ಬರುವವನು ಗಿರಾಕಿ. ಗುಂಡಿ ಕೊಳ್ಳದೆ ಸರಕಾರವನ್ನು ಬೈಯಲು ಯಾರು ಮೆಟ್ಟಿಲು ಹತ್ತುತ್ತಾರೆ? ಆಚಾರ್ರ ಮೊಣಕಾಲು ಒಪ್ಪಲಿಲ್ಲ. ಖಾಜಾ ಭಾಯಿ ಆಟೋದಿಂದಲೇ ಸಲಾಂ ಹೇಳಿ ಮುಂದೆ ಹೋಗತೊಡಗಿದರು. ನಾನು ಸಿರುಗುಪ್ಪದ ಅಕ್ಕಿಗಿರಣಿಯಲ್ಲಿ ಕಾರಕೂನನಾದೆ. ಬಳ್ಳಾರಿಗೆ ಹೋದಾಗೊಮ್ಮೆ ಇಣುಕುತ್ತಿದ್ದೆ. "ಏನಪಾ ಸುದ್ದಿ?" ಎನ್ನುತ್ತಿದ್ದರು. ಒಂದು ಚಹಾದೊಳಗೆ ಸುದ್ದಿ ಮುಗಿಯುತ್ತಿತ್ತು. ಜಿಪ್ಪು ಮಾತ್ರ ಕೈಯಲ್ಲಿ ಇದ್ದೇ ಇತ್ತು.

ಇಷ್ಟೆಲ್ಲ ನೆನಪಾಗುವ ಹೊತ್ತಿಗೆ ಬಸ್ಸಿನಲ್ಲಿ ಮಾತು ಏರಿ, ಪರಸ್ಪರ ಮನೆತನಗಳ ತನಕ ಬಂದಿತ್ತು. ನನಗೆ ಏನಾಯಿತೋ, ಎದ್ದು ನಿಂತೆ. ಯಾರ ದನಿಯನ್ನೂ ಎತ್ತದೆ ಹೇಳಿದೆ: "ಅಣ್ಣಾ, ಒಂದು ಮಾತು. ಈಯಕ್ಕ ಏನ್ ಹೇಳಾಕತ್ತಾಳ, ಅದನ್ನ ನೀವ ಒಮ್ಮೆ ಹೇಳ್ರಿ. ಆಕಿ ಖರೆ ಅಂದ ಮ್ಯಾಲೆ ನಿಮ್ಮದು."

"ನೀ ಯಾರಲೇ ನಡುವ?"

"ಕುರುಗೋಡಿನವ. ನನ್ನ ಸೀಟು ತೊಗೊಳ್ರಿ."

ಸೀಟು ಸಿಕ್ಕಿದ್ದಕ್ಕೆ ಒಪ್ಪಿದ. "ಏನೈತಿ ಹೇಳಾಕ? ರೊಕ್ಕ ಉಳೀತು ಅಂತಾಳ."

"ಅಲ್ಲ," ಎಂದಳು ಅವಳು.

"ತಿರುಗಾಡಾಕ ಚೊಲೋ ಆತು ಅಂತಾಳ."

"ಅಲ್ಲೋ ಅಣ್ಣ. ಮೊದಲು ತವರಿಗೆ ಹೋಗಾಕ ಮನ್ಯಾಗ ರೊಕ್ಕ ಕೇಳಬೇಕಿತ್ತು. ಕೇಳಿದ್ರ, ಯಾಕ ಅಂತಿದ್ರು. ಈಗ ಯಾಕ ಅನ್ನೋರಿಲ್ಲ."

ಅವನು ಜಿಪ್ಪು ಎಳೆಯುವುದನ್ನು ನಿಲ್ಲಿಸಿದ. ಆ ಮಾತನ್ನು ನಿಧಾನವಾಗಿ, ಇದ್ದ ಹಾಗೇ ತಿರುಗಿ ಹೇಳಿದ. "ಖರೆ" ಎಂದಳು. ಆಮೇಲೆ ಅವಳ ಪಾಳಿ: "ಈಯಣ್ಣಗ ನನ್ನ ಮ್ಯಾಲೆ ಸಿಟ್ಟಿಲ್ಲ. ಮಂದಿ ಹೆಚ್ಚಾದ್ರು, ಬಸ್ಸು ಹೆಚ್ಚಾಗಲಿಲ್ಲ. ದಿನಾ ಗಂಟು ಹೊತ್ತು ನಿಂತು ಕಾಲು ಸೋತಾವು. ಬಸ್ಸಿಗೆ ಬೈದ್ರ ಅದು ಮಾತಾಡಂಗಿಲ್ಲ, ನನಗ ಬೈತಾನ." ಬಸ್ಸೇ ನಕ್ಕಿತು. ಅವನೂ ನಕ್ಕ. ಹಿಂದಿನ ಸೀಟಿನವರು ತಮ್ಮ ಪಾಳಿ ಕೇಳಿದರು. ಕಂಡಕ್ಟರ್ ವಾಪಸ್ ಬಂದು, ನನ್ನ ಮಾತು ಯಾರು ಹೇಳ್ತೀರಿ ಎಂದ. ಈ ಗದ್ದಲದಲ್ಲಿ ನಾನು ಇಳಿಯಬೇಕಿದ್ದ ಕುರುಗೋಡು ಬಂದದ್ದೂ ಹೋದದ್ದೂ ನನಗೆ ತಿಳಿಯಲಿಲ್ಲ. ಅವ್ವ ಫೋನಿನಲ್ಲಿ "ರೊಟ್ಟಿ ಆರಾಕತ್ತಾವಲೇ" ಎಂದಾಗ ಬಸ್ಸು ಬಳ್ಳಾರಿ ಮುಟ್ಟುತ್ತಿತ್ತು.

ನೆಟ್ಟಗೆ ಬ್ರೂಸ್‌ಪೇಟೆಗೆ ನಡೆದೆ. ಚನ್ನಬಸಣ್ಣ ಖಾಲಿ ಕುರ್ಚಿಗಳ ನಡುವೆ ಕುಳಿತಿದ್ದರು. ಎಲ್ಲ ಹೇಳಿದೆ, ಯಾರ ದನಿಯನ್ನೂ ಮಾಡದೆ. ಅವರು ಕೇಳುತ್ತ ಕೇಳುತ್ತ ಜಿಪ್ಪನ್ನು ಪೂರ್ತಿ ಬಿಚ್ಚಿದ್ದರು.

"ಕೊನಿಗೆ ಯಾರು ಗೆದ್ರು?"

"ಸ್ಟ್ಯಾಂಡು ಬಂತು. ಇಳಿದ್ರು."

ಚನ್ನಬಸಣ್ಣ ಎದ್ದು ಚಪ್ಪಲಿ ಮೆಟ್ಟಿದರು, ಅಂಗಡಿಯ ಶಟರ್ ಎಳೆದರು. ಹೊತ್ತು ಇನ್ನೂ ಮುಳುಗಿರಲಿಲ್ಲ.

"ನಿಮ್ಮೂರಿಗೆ ವಾಪಸ್ ಬಸ್ಸು ಯಾವಾಗ ಐತಿ?"

"ಈಗ ಬರ್ತೈತಿ. ಯಾಕಣ್ಣಾ, ಕುರುಗೋಡಾಗ ಏನ್ ಕೆಲಸ?"

"ಕೆಲಸ ಏನಿಲ್ಲ," ಎಂದರು ಚನ್ನಬಸಣ್ಣ, ಜಾಳಿಗೆ ದಾಟಿ ರಸ್ತೆಗಿಳಿಯುತ್ತ. "ಬಸ್ಸೈತಲ್ಲ."